ಬಲ ಬೇಡಿದವರಿಗೆ ಬಾಲ

ಕಳೆದ ಡಿಸೆಂಬರಿನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ತಾನು ಹಾಡುವ ಚರ್ಚಿನ ಗಾಯಕವೃಂದದ ಕಾರ್ಯಕ್ರಮಕ್ಕೆ ನನ್ನನ್ನು ಕರೆದಳು. ಹದಡಿಯಿಂದ ದಾವಣಗೆರೆಗೆ ದಿನವೂ ಪಾಠಕ್ಕೆ ಹೋಗಿಬರುವವನಿಗೆ ಒಂದು ಸಂಜೆ ಹಾಡು ಕೇಳಲು ಹೋಗುವುದು ಕಷ್ಟವೇನಲ್ಲ, ಹೋದೆ. ಮೂವತ್ತು ಮಂದಿ ನಿಂತು, ಮೇಲಿನ ಸ್ವರದವರು, ಕೆಳಗಿನ ಸ್ವರದವರು ಎಂದು ನಾಲ್ಕು ಪಂಗಡವಾಗಿ ಹಾಡಿದರು. ಕಂಠಗಳು ಒಂದರೊಳಗೊಂದು ಬೆರೆತ ಆ ನಾದ ಸೊಗಸಾಗಿತ್ತು; ಶಿಸ್ತು ಮೆಚ್ಚುವಂತಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಏಕೆಂದರೆ ಮುಂದೆ ಹೇಳುವುದೆಲ್ಲ ತಕರಾರು.

ಹಾಡಿನ ನಡುವೆ ಒಂದು ಪ್ರಾರ್ಥನೆ ಬಂತು. ದೇವರಲ್ಲಿ ‘ಬಲ ಕೊಡು’ ಎಂದು ಬೇಡುವ ಮಾತು. ಆದರೆ ಮೂವತ್ತು ಕಂಠಗಳಿಂದ ಹೊರಟು ನನ್ನ ಕಿವಿಗೆ ಬಿದ್ದದ್ದು ‘ಬಾಲ ಕೋಡು’. ಒಂದು ಸಲವಲ್ಲ, ಪಲ್ಲವಿ ಮರಳಿದಾಗಲೆಲ್ಲ. ಭಕ್ತರು ಬೇಡಿದ್ದು ಬಲ. ಅರ್ಜಿ ಹೋದದ್ದು ಒಂದು ಬಾಲಕ್ಕೆ, ಒಂದು ಕೋಡಿಗೆ. ಭಗವಂತನು ಅಂತರ್ಯಾಮಿಯಾದ್ದರಿಂದ ಅರ್ಜಿಯನ್ನು ತಾನೇ ತಿದ್ದಿ ಓದಿಕೊಂಡಿರಬೇಕು. ಅಕ್ಷರಶಃ ಮಂಜೂರು ಮಾಡಿದ್ದರೆ ಆ ಸಂಜೆ ಸಭೆಯವರು ಮನೆಗೆ ಯಾವ ರೂಪದಲ್ಲಿ ಹೋಗುತ್ತಿದ್ದರೆಂದು ನೆನೆದು ನನಗೆ ನಗು ಬಂತು. ಮರುಕ್ಷಣವೇ ನಾಚಿಕೆಯೂ ಆಯಿತು. ನನ್ನ ಅಕ್ಕಪಕ್ಕದಲ್ಲಿ ಕಣ್ಣುಮುಚ್ಚಿ ಕುಳಿತಿದ್ದವರ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಆ ಭಕ್ತಿಗೆ ಒದಗಿಸಿದ ಹಾಡಿನ ಆಯ್ಕೆಯಲ್ಲಿ ಕೊರತೆಯಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಆ ಹುಡುಗಿ ತನ್ನ ಕೈಯಲ್ಲಿದ್ದ ಸ್ವರಲಿಪಿಯ ಹಾಳೆಯನ್ನು ತೋರಿಸಿದಳು. ಐದು ಗೆರೆಗಳ ಮೇಲೆ ಪಾಶ್ಚಾತ್ಯ ಸ್ವರಚಿಹ್ನೆಗಳು. ಅವುಗಳ ಅಡಿಯಲ್ಲಿ ಕನ್ನಡದ ಮಾತುಗಳು, ಆದರೆ ರೋಮನ್ ಅಕ್ಷರದಲ್ಲಿ. ಅಲ್ಲಿ ‘ಬಲ’ವನ್ನೂ ‘ಬಾಲ’ವನ್ನೂ ಬರೆಯುವ ರೀತಿ ಒಂದೇ! ‘ಕೊಡು’ವಿಗೂ ‘ಕೋಡು’ವಿಗೂ ಒಂದೇ ಕಾಗುಣಿತ. ಹ್ರಸ್ವ ದೀರ್ಘಗಳ ಗುರುತೇ ಇಲ್ಲದ ಹಾಳೆಯನ್ನು ಹಿಡಿದವರು ಸ್ವರಚಿಹ್ನೆ ಹೇಳಿದಂತೆ ಹಾಡಿದರು. ಅವರ ತಪ್ಪೇನು?

‘ಸರ್, ಇಂಗ್ಲಿಷ್ ಹಾಡಿನ ಧಾಟಿ ಚೆನ್ನಾಗಿತ್ತು, ಅದಕ್ಕೇ ಆರಿಸಿದ್ದು. ಆಮೇಲೆ ಕನ್ನಡ ಕೂಡಿಸಿದರು’ ಎಂದಳು ಹುಡುಗಿ.

ರೋಗದ ಮೂಲ ಈ ಒಂದು ಮಾತಿನಲ್ಲಿದೆ. ಮೊದಲು ಧಾಟಿ, ಆಮೇಲೆ ಕನ್ನಡ. ಗಾಯಕವೃಂದಕ್ಕೆ ಹಾಡನ್ನು ಆರಿಸುವವರು, ಅದು ಚರ್ಚಿನ ವೃಂದವಾಗಲಿ, ಕಾಲೇಜಿನದಾಗಲಿ, ಮಠದ ವಚನಗಾಯನದ ತಂಡವಾಗಲಿ, ಮಾತನ್ನು ಮೊದಲು ಆರಿಸಬೇಕು, ಧಾಟಿಯನ್ನು ಅದರ ಹಿಂದೆ ನಡೆಸಬೇಕು ಎಂಬುದು ನನ್ನ ವಾದ. ಇದನ್ನು ತಲೆಕೆಳಗು ಮಾಡಿದವರಿಗೆ ಕನ್ನಡದಲ್ಲಿ ಹಾಡಿದೆವೆಂದು ಹೇಳಿಕೊಳ್ಳುವ ಹಕ್ಕಿಲ್ಲ.

ಕಾರಣವನ್ನು ಕೊಂಚ ಬಿಡಿಸಿ ಹೇಳಬೇಕು. ಇಂಗ್ಲಿಷಿನಲ್ಲಿ ಪದದ ಒಂದು ಭಾಗವನ್ನು ಒತ್ತಿ ಹೇಳುತ್ತಾರೆ. ಆ ಒತ್ತೇ ಅವರ ಪದ್ಯದ ಬೆನ್ನೆಲುಬು. ಅವರ ಧಾಟಿಯಲ್ಲಿ ಒತ್ತಿನ ಅಕ್ಷರಕ್ಕೆ ತಾಳದ ಬಲವಾದ ಪೆಟ್ಟೂ ಅನೇಕ ವೇಳೆ ಉದ್ದನೆಯ ಸ್ವರವೂ ಸಿಗುತ್ತವೆ. ಚುಕ್ಕೆಯಿಟ್ಟ ಸ್ವರವೊಂದು, ಅದರ ಬೆನ್ನಿಗೆ ಗಿಡ್ಡ ಸ್ವರವೊಂದು ಬಂದರೆ ಮೊದಲನೆಯದು ಎರಡನೆಯದರ ಮೂರರಷ್ಟು. ಕನ್ನಡದ ಬೆನ್ನೆಲುಬು ಒತ್ತಲ್ಲ, ಮಾತ್ರೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಪದದ ಅರ್ಥವೇ ಈ ಅಳತೆಯ ಮೇಲೆ ನಿಂತಿದೆ. ಪದ ಹಾಡಾದರೆ ಪಾದ ಕಾಲು. ಹರ ದೇವರು, ಹಾರ ಅವನ ಕೊರಳಿಗೆ. ಬಿಡು ಎಂದರೆ ತೊರೆ, ಬೀಡು ಎಂದರೆ ನೆಲಸುವ ತಾಣ. ದಾನ ಕೇಳಲು ಹೋದವನು ಸ್ವರವನ್ನು ಮೊಟಕು ಮಾಡಿದರೆ ದನ ಹೊಡೆದುಕೊಂಡು ಬರಬೇಕಾದೀತು. ಇಂಥ ಭಾಷೆಗೆ ಮೂರಕ್ಕೊಂದರ ಅಳತೆಯ ಅಂಗಿಯನ್ನು ತೊಡಿಸುವಾಗ ಅಕ್ಷರಗಳನ್ನು ಎಣಿಸಿದರೆ ಸಾಲದು, ಮಾತ್ರೆಯನ್ನು ಎಣಿಸಬೇಕು. ಆ ಹಾಳೆಯನ್ನು ಸಿದ್ಧಪಡಿಸಿದವರು ನಾಲ್ಕು ಸ್ವರಕ್ಕೆ ನಾಲ್ಕು ಅಕ್ಷರ ಸರಿಹೋಯಿತೆಂದು ತೃಪ್ತರಾದರು. ಅಂಗಿಯ ಗುಂಡಿಗಳೆಲ್ಲ ಸರಿ. ತೋಳು ಮಾತ್ರ ಮೊಣಕಾಲಿನವರೆಗೆ.

‘ಇದು ಪರಕೀಯರ ಸಂಗೀತದ ಮೇಲಿನ ದ್ವೇಷ’ ಎಂದು ಯಾರಾದರೂ ಮೂಗು ಮುರಿದಾರು. ಅಲ್ಲ. ಈ ಮಾತನ್ನು ನನಗಿಂತ ಮೊದಲು, ನನಗಿಂತ ಖಾರವಾಗಿ ಹೇಳಿದವನು ಮಾರ್ಟಿನ್ ಲೂಥರ್. 1525ರ ಹೊತ್ತಿಗೆ ಜರ್ಮನ್ ಭಾಷೆಯ ಪೂಜಾವಿಧಿಯನ್ನು ಕುರಿತು ಬರೆಯುತ್ತ, ಮಾತು, ಸ್ವರ, ಉಚ್ಚಾರದ ಏರಿಳಿತ ಎಲ್ಲವೂ ತಾಯ್ನುಡಿಯಿಂದಲೇ ಹುಟ್ಟಬೇಕು, ಇಲ್ಲವಾದರೆ ಅದು ಕಪಿಯ ಅನುಕರಣೆ ಎಂಬರ್ಥದ ಮಾತನ್ನು ಅವನು ಆಡಿದ. ಲ್ಯಾಟಿನ್ನಿಗಾಗಿ ಹೊಲಿದ ಧಾಟಿಯನ್ನು ಜರ್ಮನ್ನಿಗೆ ತೊಡಿಸುವುದನ್ನು ಅವನು ಸಹಿಸಿಕೊಂಡರೂ ಅದು ಅವನ ಕಿವಿಗೆ ಹಿತವಾಗಲಿಲ್ಲ. ಆ ಲೂಥರನ ಪರಂಪರೆಯ ಧಾಟಿಗಳನ್ನು ಅಳತೆ ನೋಡದೆ ಕನ್ನಡಕ್ಕೆ ತೊಡಿಸುವವರು ಅವನ ಹಾಡನ್ನು ಉಳಿಸಿಕೊಂಡು ಅವನ ಬುದ್ಧಿಯನ್ನು ಬಿಟ್ಟಂತಾಯಿತು.

ಲೂಥರನು ದೂರದವನೆಂದರೆ ಕಿಟ್ಟೆಲ್ ನಮ್ಮವನೇ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1841ರಲ್ಲಿ ಅಲ್ಲಿ ಮುದ್ರಣಾಲಯ ತೆರೆದರು. ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಕನ್ನಡ ನಾಡಿಗೆ ಕಾಲಿಟ್ಟ. 1894ರ ನಿಘಂಟಿನಿಂದಾಗಿ ಅವನನ್ನು ಎಲ್ಲರೂ ಬಲ್ಲರು. ಆದರೆ ಅದಕ್ಕೆ ಬಹಳ ಮೊದಲೇ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ನಮ್ಮ ಹಾಡಿನ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ಯನ್ನು ಅವನು ಪ್ರಕಟಿಸಿದ್ದುಂಟು, 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನು ಸಂಪಾದಿಸಿ ಅಚ್ಚು ಹಾಕಿಸಿದ್ದುಂಟು. ಜರ್ಮನಿಯಿಂದ ಬಂದ ಪಾದ್ರಿಯೊಬ್ಬನು ನಾಗವರ್ಮನ ಮುಂದೆ ಕುಳಿತು ಲಘುಗುರುಗಳನ್ನು ಎಣಿಸುವುದನ್ನು ಕಲಿತ. ಇಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಹೈಸ್ಕೂಲಿನಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿ ಅಂಕ ಗಳಿಸಿದ ನಾವು ಮೇಳದ ಹಾಳೆ ಕೈಗೆ ಬಂದೊಡನೆ ಅದನ್ನು ಮರೆಯುತ್ತೇವೆ. ನೆರೆಯ ಮರಾಠಿಯಲ್ಲಿ ನಾರಾಯಣ ವಾಮನ ತಿಲಕರು ಕ್ರೈಸ್ತರಾದ ಮೇಲೂ ಅಭಂಗದ ಜಾಡನ್ನು ಬಿಡಲಿಲ್ಲ. ತಮಿಳಿನಲ್ಲಿ ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು ಕ್ರೈಸ್ತ ಕೀರ್ತನೆಗಳನ್ನೇ ರಚಿಸಿದರು. ಅವರ ಭಕ್ತಿಗೆ ಅದರಿಂದ ಏನೂ ಊನವಾಗಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಜಾಣತನದ್ದು. ‘ಹಾಡಿನಲ್ಲಿ ಎಳೆಯುವುದಕ್ಕೆ ವ್ಯಾಕರಣವೇ ಅಪ್ಪಣೆ ಕೊಟ್ಟಿದೆಯಲ್ಲ? ದೂರದವರನ್ನು ಕರೆಯುವಾಗ, ಅಳುವಾಗ, ಹಾಡುವಾಗ ಸ್ವರ ಪ್ಲುತವಾಗಬಹುದಷ್ಟೆ? ನಿಮ್ಮ ಸಂಗೀತ ವಿದ್ವಾಂಸರು ಒಂದೇ ಅಕ್ಷರವನ್ನು ಅರ್ಧ ತಾಸು ಎಳೆಯುವುದಿಲ್ಲವೆ?’ ಒಪ್ಪಿದೆ. ಪಾದದ ಕೊನೆಯ ಲಘುವನ್ನು ಗುರುವೆಂದು ಎಣಿಸುವ ಸಂಪ್ರದಾಯವೂ ನಮ್ಮ ಛಂದಸ್ಸಿನಲ್ಲೇ ಇದೆ. ಸಾಲಿನ ತುದಿಯಲ್ಲಿ ಎಷ್ಟು ನಿಂತರೂ ನನ್ನ ತಕರಾರಿಲ್ಲ. ಇಡೀ ಸಾಲನ್ನು ನಿಧಾನವಾಗಿ ಹಾಡಿದರೂ ಇಲ್ಲ. ಎಲ್ಲ ಅಕ್ಷರಗಳೂ ಸಮನಾಗಿ ಹಿಗ್ಗಿದರೆ ಅವುಗಳ ಪರಸ್ಪರ ಅಳತೆ ಉಳಿದೇ ಇರುತ್ತದೆ. ಪದದ ನಡುವೆ ಒಂದು ಲಘು ಮಾತ್ರ ಉಬ್ಬಿ ಪಕ್ಕದ ಲಘು ಸೊರಗಿದಾಗ ಪದವೇ ಬೇರೆಯಾಗುತ್ತದೆ. ವಿದ್ವಾಂಸನಾದರೋ ಸಾಹಿತ್ಯವನ್ನು ಒಮ್ಮೆ ಸ್ಪಷ್ಟವಾಗಿ ಕೇಳಿಸಿ, ಆಮೇಲೆ ಅದರ ಮೇಲೆ ವಿಸ್ತಾರ ಕಟ್ಟುತ್ತಾನೆ. ಕೇಳುವವನಿಗೆ ಪದದ ಗುರುತು ಮೊದಲೇ ಸಿಕ್ಕಿರುತ್ತದೆ. ಮೇಳಕ್ಕೆ ಆ ಅವಕಾಶವಿಲ್ಲ. ಮೂವತ್ತು ಮಂದಿ ಒಟ್ಟಿಗೆ ಹಾಡಿದ ತಪ್ಪು ಒಬ್ಬನ ತಪ್ಪಿಗಿಂತ ಮೂವತ್ತು ಪಾಲು ಗಟ್ಟಿಯಾಗಿ ಕೇಳುತ್ತದೆ.

ಹಾಗಾದರೆ ಎರವಲು ಧಾಟಿಯೇ ಬೇಡವೆ? ಬೇಕು. ದಾವಣಗೆರೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಚಿಂದೋಡಿ ವೀರಪ್ಪನವರ, ಚಿಂದೋಡಿ ಲೀಲಾ ಅವರ ನಾಟಕ ಕಂಪನಿಯ ಊರು ಇದು. ಕಂಪನಿ ನಾಟಕಗಳ ಕಾಲದಲ್ಲಿ ಮರಾಠಿ ರಂಗಭೂಮಿಯ ಮಟ್ಟು, ಹಿಂದೂಸ್ತಾನಿ ಮಟ್ಟುಗಳಿಗೆ ಕನ್ನಡ ಪದ ಕಟ್ಟುವುದೊಂದು ಕಸುಬೇ ಆಗಿತ್ತು. ಆ ಕಸುಬಿನಲ್ಲಿ ನುರಿತ ಕವಿ ಮಟ್ಟಿನ ಉದ್ದ ಸ್ವರಕ್ಕೆ ದೀರ್ಘಾಕ್ಷರವನ್ನು ಹುಡುಕುತ್ತಿದ್ದ. ಏಕೆಂದರೆ ಹಿಂದಿನ ಸಾಲಿನ ಪ್ರೇಕ್ಷಕನಿಗೆ ಪದ ಕೇಳದಿದ್ದರೆ ಕಂಪನಿ ಉಳಿಯುವಂತಿರಲಿಲ್ಲ. ಬಿ.ಎಂ.ಶ್ರೀಯವರು 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಮಾಡಿದ್ದೂ ಇಂಥದೇ ಕೆಲಸ. ಇಂಗ್ಲಿಷ್ ಕವಿತೆಯ ಜೀವವನ್ನು ತಂದರು. ಅದರ ಒತ್ತನ್ನು ಕನ್ನಡದ ಕುತ್ತಿಗೆಗೆ ಕಟ್ಟಲಿಲ್ಲ. ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳಲ್ಲಿ ಹೊಸ ನಡಿಗೆಗಳನ್ನು ಕಂಡುಕೊಂಡರು. ಎರವಲು ತರುವುದು ತಪ್ಪಲ್ಲ. ಅಳತೆ ನೋಡದೆ ತೊಡಿಸುವುದು ತಪ್ಪು.

ಈ ತಪ್ಪು ಚರ್ಚಿನವರದು ಮಾತ್ರ ಎಂದು ಓದುಗರು ಹಿಗ್ಗಬಾರದು. ವಚನಗಳನ್ನು ಸಿನಿಮಾ ಧಾಟಿಗೆ ಸಿಕ್ಕಿಸಿ ಹಾಡುವ ಮೇಳಗಳನ್ನು ನಮ್ಮ ಕಡೆಯ ಸಭೆಗಳಲ್ಲಿ ನಾನು ಕೇಳಿದ್ದೇನೆ. ಅಲ್ಲಿ ಶರಣರ ಗದ್ಯದ ನಿಲುಗಡೆಗಳೆಲ್ಲ ತಬಲೆಯ ಪೆಟ್ಟಿಗೆ ಪುಡಿಯಾಗುತ್ತವೆ. ನಾಡಗೀತೆಯ ಕಥೆಯನ್ನೇ ನೋಡಿ. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಅದನ್ನು ಯಾರ ಧಾಟಿಯಲ್ಲಿ ಹಾಡಬೇಕೆಂಬುದು ತೀರ್ಮಾನವಾಗಲು 2022 ಬರಬೇಕಾಯಿತು; ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ ಆದೇಶಿಸಿತು. ಅದು ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿತು. 2024ರಲ್ಲಿ ಅರ್ಜಿ ವಜಾ ಆಯಿತು. ಅನಂತಸ್ವಾಮಿಯವರದೋ ಅಶ್ವತ್ಥರದೋ, ಎಷ್ಟು ಸೆಕೆಂಡು ಎಂಬ ಚರ್ಚೆಯನ್ನು ಇಷ್ಟು ವರ್ಷ ಕೇಳಿದೆವು. ಹಳ್ಳಿಯ ಶಾಲೆಯ ಮಗು ಬೆಳಗಿನ ಪ್ರಾರ್ಥನೆಯಲ್ಲಿ ಆ ಮಾತುಗಳನ್ನು ಬಿಡಿಸಿ, ಅರ್ಥ ತಿಳಿದು, ಕಂಠ ಕೀಸದೆ ಹಾಡಬಲ್ಲದೆ ಎಂಬ ಪ್ರಶ್ನೆಗೆ ಆ ಗದ್ದಲದಲ್ಲಿ ಎಷ್ಟು ಜಾಗ ಸಿಕ್ಕಿತು?

ಇನ್ನು ನಮ್ಮ ಪಾಲಿನ ಪಾಪ. ಕನ್ನಡ ಮೇಷ್ಟರುಗಳಾದ ನಾವು ಇದನ್ನೆಲ್ಲ ಕೇಳಿ ಸ್ಟಾಫ್ ರೂಮಿನಲ್ಲಿ ನಗುತ್ತೇವೆ. ‘ಅದು ಅವರ ಹಾಡು’ ಎಂದು ಕೈ ತೊಳೆದುಕೊಳ್ಳುತ್ತೇವೆ. ಅವರ ಹಾಡು ಹೇಗಾದೀತು? 1963ರಲ್ಲಿ ಎರಡನೆಯ ವ್ಯಾಟಿಕನ್ ಸಭೆಯು ಪೂಜಾವಿಧಿಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಹರಿಹರದ ಆರೋಗ್ಯಮಾತೆಯ ಕ್ಷೇತ್ರಕ್ಕೆ ಕ್ರೈಸ್ತರಷ್ಟೇ ಅಲ್ಲ, ಎಲ್ಲ ಮತದ ಜನರೂ ಹರಕೆ ಹೊತ್ತು ಬರುತ್ತಾರೆ. ಅಲ್ಲಿ ಕೇಳಿಬರುವ ಕನ್ನಡ ನನ್ನ ಕನ್ನಡವೇ. ಬಾಗಿಲು ತೆರೆದು ಅರುವತ್ತು ವರ್ಷ ಕಳೆದರೂ ಒಳಗೆ ಹೋಗಿ ‘ಈ ಸಾಲನ್ನು ಹೀಗೆ ತಿದ್ದಿದರೆ ಹೇಗೆ?’ ಎಂದು ಕೇಳಿದ ಕನ್ನಡ ಮೇಷ್ಟರು ಎಷ್ಟು ಮಂದಿ? ಛಂದಸ್ಸನ್ನು ಪರೀಕ್ಷೆಯ ನಾಲ್ಕು ಅಂಕಕ್ಕೆ ಸೀಮಿತ ಮಾಡಿದವರು ನಾವು. ಅದು ಬದುಕಿನಲ್ಲಿ ಕೆಲಸಕ್ಕೆ ಬರುವ ಒಂದೇ ಸ್ಥಳಕ್ಕೆ ನಾವು ಕಾಲಿಡಲಿಲ್ಲ.

ನಮ್ಮ ಹದಡಿಯ ಭಜನೆಯಲ್ಲಿ ತಾಳ ಹಿಡಿಯುವ ಹಿರಿಯರೊಬ್ಬರಿದ್ದಾರೆ. ಓದು ಹೆಚ್ಚಿಲ್ಲ. ಹೊಸ ಪದವನ್ನು ಯಾರಾದರೂ ತಂದರೆ ಮೊದಲು ಬಾಯಿಮಾತಿನಲ್ಲಿ ಹೇಳಿಸುತ್ತಾರೆ. ಕಾರಣ ಕೇಳಿದ್ದಕ್ಕೆ, ‘ಮೇಷ್ಟ್ರೇ, ಪದ ಬಾಯಾಗೆ ಕುಂತ್ಕಂಡ ಮ್ಯಾಲೆ ತಾಳ ಹಾಕ್ಬೇಕು. ಮೊದ್ಲೇ ತಾಳ ಬಡಿದ್ರೆ ಪದ ಎದ್ದು ಓಡಿ ಹೋಗ್ತತಿ’ ಎಂದರು. ಈ ವಿಷಯದಲ್ಲಿ ಲೂಥರನಿಗೂ ಹದಡಿಯ ಭಜನೆಯವರಿಗೂ ಭಿನ್ನಾಭಿಪ್ರಾಯವಿಲ್ಲ.

ಆದ್ದರಿಂದ ಹಾಡು ಆರಿಸುವವರಲ್ಲಿ ನನ್ನ ಬೇಡಿಕೆ ಇಷ್ಟೆ. ಧಾಟಿಯನ್ನು ಮೊಬೈಲಿನಲ್ಲಿ ಕೇಳುವ ಮೊದಲು ಮಾತನ್ನು ಗಟ್ಟಿಯಾಗಿ ಓದಿ. ಹಾಳೆಯಲ್ಲಿ ಸ್ವರಚಿಹ್ನೆಯ ಕೆಳಗೆ ಕನ್ನಡವನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ. ಅಕ್ಷರಗಳ ಮೇಲೆ ಲಘುಗುರು ಗುರುತು ಹಾಕಿ, ಸ್ವರದ ಉದ್ದದೊಡನೆ ಹೋಲಿಸಿ. ಎಲ್ಲಿ ಹೊಂದದೋ ಅಲ್ಲಿ ಮಾತನ್ನು ಬದಲಿಸಿ, ಇಲ್ಲವೆ ಸ್ವರವನ್ನು ತಿದ್ದಿ. ಎರಡೂ ಆಗದಿದ್ದರೆ ಹಾಡನ್ನೇ ಕೈಬಿಡಿ. ಧಾಟಿ ಎಷ್ಟೇ ಇಂಪಾಗಿರಲಿ.

ಆ ಹುಡುಗಿಯ ಹಾಳೆಯ ಮೇಲೆ ನಾವಿಬ್ಬರೂ ಕುಳಿತು ಈ ಕೆಲಸ ಮಾಡಿದೆವು. ಉದ್ದ, ಗಿಡ್ಡ, ಉದ್ದ, ಗಿಡ್ಡ ಎಂದು ಸ್ವರ ನಡೆಯುವಲ್ಲಿ ‘ಬಲ ಕೊಡು’ ಎಂಬ ನಾಲ್ಕು ಲಘುಗಳು ನಿಲ್ಲಲಾರವೆಂದು ಅವಳೇ ಕಂಡುಕೊಂಡಳು. ಸ್ವಲ್ಪ ಹೊತ್ತು ಯೋಚಿಸಿ, ‘ಶಕ್ತಿ ನೀಡು’ ಎಂದರೆ ಹೇಗೆ ಸರ್ ಎಂದಳು. ಗುರು, ಲಘು, ಗುರು, ಲಘು. ಅದೇ ಧಾಟಿ, ಅದೇ ಪ್ರಾರ್ಥನೆ. ಬಾಲವೂ ಹೋಯಿತು, ಕೋಡೂ ಹೋಯಿತು. ಐದು ನಿಮಿಷದ ಕೆಲಸ.

ಆ ಐದು ನಿಮಿಷವನ್ನು ಕನ್ನಡಕ್ಕೆ ಕೊಡಲು ಒಪ್ಪದ ಮೇಳ ಯಾವ ಭಾಷೆಯಲ್ಲಾದರೂ ಹಾಡಿಕೊಳ್ಳಲಿ. ಅದನ್ನು ಕನ್ನಡ ಗಾಯನವೆಂದು ಕರೆಯದಿರಲಿ.