ಉಣ್ಣುವುದಕ್ಕೆ ಏಳು ಸಮುದ್ರ ದಾಟಬೇಕೆ?



ಈ ಬಾರಿಯ ಯುಗಾದಿಯ ಮರುದಿನ ನಮ್ಮ ಬೂಕನಕೆರೆಯ ಮನೆಯಲ್ಲಿ ಹೊಸತೊಡಕಿನ ಊಟ ಮುಗಿದು ಎಲ್ಲರೂ ಜಗುಲಿಯಲ್ಲಿ ಕುಳಿತಿದ್ದೆವು. ನನ್ನ ತಂಗಿಯ ಮಗನಿಗೆ ಮಾಘ ಮಾಸದಲ್ಲಿ ಮದುವೆಯಾಗಿತ್ತು. ಹೊಸ ದಂಪತಿಗಳಿಗೆ ಅದು ಮೊದಲ ಯುಗಾದಿ. ಮದುಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಹತ್ತನೆಯ ತರಗತಿಯಲ್ಲಿ ನನ್ನಿಂದಲೇ ಭೂಗೋಳ ಕಲಿತವಳು. ಈಗ ನೆಂಟಸ್ತಿಕೆಯಲ್ಲಿ ಸೊಸೆಯಾದರೂ ಅವಳ ಬಾಯಲ್ಲಿ ‘ಸಾರ್’ ಎಂಬುದೇ ಬರುತ್ತದೆ. ಅಂದು ಅವಳು ಕೈಯಲ್ಲೊಂದು ಬಣ್ಣದ ಹಾಳೆ ಹಿಡಿದು, “ಸಾರ್, ಇದನ್ನು ಸ್ವಲ್ಪ ನೋಡಿಕೊಡಿ” ಎಂದಳು. ಒಂದು ಪ್ರವಾಸ ಸಂಸ್ಥೆಯವರು ಕೊಟ್ಟ ಮಧುಚಂದ್ರದ ಯೋಜನೆ ಅದು. ಹದಿನಾಲ್ಕು ದಿನ, ದಕ್ಷಿಣ ಯೂರೋಪಿನ ನಾಲ್ಕು ದೇಶ, ಇಬ್ಬರಿಗೆ ಐದು ಲಕ್ಷ ರೂಪಾಯಿ, ‘ಪ್ರತಿ ರಾತ್ರಿ ಭಾರತೀಯ ಊಟ’. ಹಣ ಸಾಲದಿದ್ದರೆ ಮೂರು ವರ್ಷದ ಕಂತಿನ ಸಾಲವನ್ನೂ ಕೊಡಿಸುವರಂತೆ.

“ನಮಗೆ ಕೋಟೆ, ಚರ್ಚು ಅಷ್ಟು ಮುಖ್ಯವಲ್ಲ ಮಾವ. ಅಲ್ಲಿನ ಜನ ಏನು ತಿನ್ನುತ್ತಾರೋ ಅದನ್ನು ತಿಂದು ನೋಡಬೇಕು, ಅಷ್ಟೇ ಆಸೆ” ಎಂದ ಅಳಿಯ. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ನನ್ನ ತಂಗಿಗೆ ತಡೆಯಲಾಗಲಿಲ್ಲ. “ಉಣ್ಣಕ್ಕೆ ಅಂತ ಏಳು ಸಮುದ್ರ ದಾಟೋರನ್ನ ಎಲ್ಲಾರ ನೋಡಿದ್ದೀಯಾ ಅಣ್ಣ? ಮನೇಲಿ ಮುದ್ದೆ ಇಲ್ವಾ, ಸಾರಿಲ್ವಾ?” ಎಂದು ನನ್ನನ್ನೇ ನ್ಯಾಯಕ್ಕೆ ಕೂರಿಸಿದಳು.

ಆ ದಿನ ನಾನು ಹೇಳಿದ್ದನ್ನೂ, ಹೇಳಲಾಗದೆ ನುಂಗಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಅನೇಕರ ಮಕ್ಕಳು ಈಗ ಇದೇ ವಯಸ್ಸಿನವರು.

ಮೊದಲಿಗೆ ನನ್ನ ತೀರ್ಪನ್ನೇ ಹೇಳಿಬಿಡುತ್ತೇನೆ. ಅವರು ಹೋಗಲಿ. ಉಣ್ಣುವುದಕ್ಕೆಂದೇ ಹೋಗಲಿ. ಆದರೆ ಸಾಲ ಮಾಡಿ ಹೋಗುವುದು ಬೇಡ. ಕೈಯಲ್ಲಿರುವ ಹಣಕ್ಕೆ ಎಷ್ಟು ದಿನ ಒದಗುತ್ತದೆಯೋ ಅಷ್ಟೇ ದಿನ ಹೋಗಿಬರಲಿ.

ಸಾಲದ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದಂತೆ ಬಿಡಿಸೋಣ. ಐದು ಲಕ್ಷ ರೂಪಾಯಿಯನ್ನು ವಾರ್ಷಿಕ ಶೇಕಡಾ 12ರ ಬಡ್ಡಿಗೆ ಮೂರು ವರ್ಷದ ಅವಧಿಗೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 16,600 ರೂಪಾಯಿ. ಮೂವತ್ತಾರು ಕಂತು ಕಟ್ಟಿ ಮುಗಿಸುವ ಹೊತ್ತಿಗೆ ಬಡ್ಡಿಯೊಂದೇ ಸುಮಾರು 98,000 ರೂಪಾಯಿ ಆಗಿರುತ್ತದೆ. ಹದಿನಾಲ್ಕು ದಿನದ ಸಂತೋಷಕ್ಕೆ ಸಾವಿರಕ್ಕೂ ಮಿಕ್ಕಿದ ದಿನಗಳ ಋಣ! ಅಷ್ಟರೊಳಗೆ ಮನೆಯಲ್ಲಿ ತೊಟ್ಟಿಲು ಕಟ್ಟುವ ಕಾಲವೂ ಬಂದೀತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಕಾಲು ಚಾಚಲೇಬೇಡ ಎಂಬ ಅರ್ಥದಲ್ಲಲ್ಲ, ಹಾಸಿಗೆಯನ್ನು ಮೊದಲು ಅಳೆದುಕೋ ಎಂಬ ಅರ್ಥದಲ್ಲಿ.

ಇನ್ನು ತಂಗಿಯ ಪ್ರಶ್ನೆ. ಉಣ್ಣುವುದಕ್ಕೆ ಅಷ್ಟು ದೂರವೇಕೆ? ನಾನು ಯೂರೋಪನ್ನು ಕಣ್ಣಾರೆ ಕಂಡವನಲ್ಲ. ಮೂವತ್ತು ವರ್ಷ ನಕ್ಷೆಯ ಮೇಲೆ ಬೆತ್ತವಿಟ್ಟು ತೋರಿಸಿದವನು. ಆದರೆ ಓದಿ ತಿಳಿದಷ್ಟರಿಂದ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ದಕ್ಷಿಣ ಯೂರೋಪಿನಲ್ಲಿ ಒಳ್ಳೆಯ ಊಟಕ್ಕೂ ಮಿತವ್ಯಯಕ್ಕೂ ಜಗಳವಿಲ್ಲ. ಏಕೆಂದರೆ ಅಲ್ಲಿ ಇಂದು ಹೆಸರುವಾಸಿಯಾಗಿರುವ ಅಡುಗೆಗಳಲ್ಲಿ ಬಹಳಷ್ಟು ಬಡವರ ಅಡುಗೆಗಳು. ಇಟಲಿಯವರು ಅದನ್ನು ‘ಕುಚೀನಾ ಪೋವೆರಾ’, ಅಂದರೆ ಬಡವರ ಅಡುಗೆಮನೆ ಎಂದೇ ಕರೆಯುತ್ತಾರೆ. ಇಟಲಿಯ ಹಿಮ್ಮಡಿಯಲ್ಲಿರುವ ಪುಲಿಯಾ ಎಂಬ ಪ್ರಾಂತದಲ್ಲಿ, ಅವರೆಗೆ ಹತ್ತಿರವಾದ ಒಂದು ಬಗೆಯ ಕಾಳನ್ನು ಒಣಗಿಸಿಟ್ಟು, ಬೇಯಿಸಿ, ಮಸೆದು, ಜೊತೆಗೆ ಕಹಿಸೊಪ್ಪನ್ನು ಬಡಿಸಿ, ಮೇಲೆ ಆಲಿವ್ ಎಣ್ಣೆ ಸುರಿದು ತಿನ್ನುತ್ತಾರೆ. ನಮ್ಮ ಮಸ್ಸೊಪ್ಪಿನ ದೂರದ ನೆಂಟನಂತಿದೆಯಲ್ಲವೇ? ಸಿಸಿಲಿಯ ಪಲೆರ್ಮೊ ಪಟ್ಟಣದ ಬೀದಿಗಳಲ್ಲಿ ಕಡಲೆಹಿಟ್ಟನ್ನು ಕಾಸಿ, ಆರಿಸಿ, ತೆಳುವಾಗಿ ಕೊಯ್ದು, ಎಣ್ಣೆಯಲ್ಲಿ ಕರಿದು, ಬ್ರೆಡ್ಡಿನ ನಡುವೆ ಇಟ್ಟು ಕೊಡುತ್ತಾರೆ. ಅದರ ಹೆಸರು ‘ಪನೆಲ್ಲೆ’. ಗ್ರೀಸಿನವರ ಮನೆಯೂಟಗಳಲ್ಲಿ ಬಿಳಿ ಹುರುಳಿಕಾಳಿನ ಸಾರಿಗೆ ದೊಡ್ಡ ಸ್ಥಾನ. ಮಾಂಸ ಮುಟ್ಟದ ನಮ್ಮ ಬಂಧುಗಳೂ ಇವನ್ನೆಲ್ಲ ನಿಶ್ಚಿಂತೆಯಿಂದ ತಿನ್ನಬಹುದು.

ಇಟಲಿಯ ‘ಪೊಲೆಂಟಾ’ ನಮ್ಮ ಮುದ್ದೆಯ ಸಹೋದರ. ಕುದಿಯುವ ನೀರಿಗೆ ಹಿಟ್ಟು ಹಾಕಿ ಕೋಲಿನಿಂದ ತಿರುವುವುದೇ ಅದರ ಕ್ರಮ. ನಮ್ಮಲ್ಲಿ ರಾಗಿ, ಅವರಲ್ಲಿ ಮುಸುಕಿನ ಜೋಳ. ಬಡತನವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಉತ್ತರ ಇಟಲಿಯ ಬಡ ರೈತರು ಬೇರೇನೂ ಸಿಗದೆ ಬರಿಯ ಪೊಲೆಂಟಾ ತಿಂದು ‘ಪೆಲಾಗ್ರಾ’ ಎಂಬ ಕಾಯಿಲೆಗೆ ತುತ್ತಾದರು. ಕಾಳು, ಸೊಪ್ಪು, ಹಾಲು ಜೊತೆಗಿದ್ದರೆ ತಾನೆ ಊಟ? ಮುದ್ದೆಗೆ ಸಾರು ಬೇಕೆಂದು ನಮ್ಮವರು ಹೇಳಿದ್ದು ರುಚಿಗಾಗಿ ಮಾತ್ರವಲ್ಲ.

ಸ್ಪೇನ್ ದೇಶದ ವಲೆನ್ಸಿಯಾ ನಗರದ ಪಕ್ಕದಲ್ಲಿ ಅಲ್ಬುಫೆರಾ ಎಂಬ ಸರೋವರವಿದೆ. ಅದರ ಸುತ್ತ ಭತ್ತದ ಗದ್ದೆಗಳು. ಭತ್ತವನ್ನು ಆ ದೇಶದಲ್ಲಿ ಬೇರೂರಿಸಿದವರು ಅರಬ್ಬರು. ಅಕ್ಕಿಗೆ ಅಲ್ಲಿನವರು ಹೇಳುವ ‘ಅರೋಸ್’ ಎಂಬ ಮಾತೂ ಅರಬ್ಬಿಯಿಂದಲೇ ಬಂದದ್ದು. ನಮ್ಮ ಮಂಡ್ಯ ಸೀಮೆಯೂ ಹಾಗೆಯೇ ಅಲ್ಲವೇ? 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ ಮುಗಿದು, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ ತಾನೆ ರಾಗಿಯ ಹೊಲಗಳು ಗದ್ದೆಗಳಾದದ್ದು, ಕಬ್ಬು ಬೆಳೆದು 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಹುಟ್ಟಿದ್ದು? ನೀರು ಬಂದ ಕಡೆ ತಟ್ಟೆ ಬದಲಾಗುತ್ತದೆ. ವಲೆನ್ಸಿಯಾದ ಗದ್ದೆ ಕೆಲಸದವರು ಮಧ್ಯಾಹ್ನ ಹೊಲದಲ್ಲೇ ಒಲೆ ಹೂಡಿ, ಅಗಲವಾದ ಬಾಣಲೆಯಲ್ಲಿ ಅಕ್ಕಿ, ಹುರುಳಿಕಾಯಿ, ಕೋಳಿ, ಮೊಲದ ಮಾಂಸ ಬೇಯಿಸುತ್ತಿದ್ದರು. ಅದೇ ಇಂದಿನ ‘ಪಯೆಲ್ಯಾ’. ಹಳೆಯ ಪದ್ಧತಿಯಲ್ಲಿ ಅದನ್ನು ತಟ್ಟೆಗೆ ಬಡಿಸುವುದಿಲ್ಲ. ಬಾಣಲೆಯನ್ನು ನಡುವೆ ಇಟ್ಟು ಸುತ್ತ ಕುಳಿತು, ಎಲ್ಲರೂ ಮರದ ಚಮಚದಿಂದ ತಮ್ಮ ತಮ್ಮ ಪಾಲನ್ನು ಅದರಿಂದಲೇ ತಿನ್ನುತ್ತಾರೆ. ತಳ ಹಿಡಿದ ಸೀಕಿಗೆ ಅಲ್ಲಿಯೂ ನಮ್ಮಲ್ಲಿಯಂತೆಯೇ ಪೈಪೋಟಿ.

ಆದ್ದರಿಂದ ಮದುಮಕ್ಕಳಿಗೆ ನಾನು ಹೇಳಿದ್ದು ಇಷ್ಟು. ‘ಪ್ರತಿ ರಾತ್ರಿ ಭಾರತೀಯ ಊಟ’ ಎಂಬುದನ್ನು ಮೊದಲು ಹೊಡೆದುಹಾಕಿ. ನಮ್ಮೂರಿನ ಸಾರನ್ನು ಅಲ್ಲಿ ದುಬಾರಿ ಹಣ ಕೊಟ್ಟು ಉಣ್ಣುವುದರಲ್ಲಿ ಅರ್ಥವಿಲ್ಲ. ನಾಲ್ಕು ದೇಶದ ಬದಲು ಒಂದೇ ದೇಶ, ಅದರಲ್ಲಿಯೂ ಎರಡೇ ಊರು, ಎಂಟೊಂಬತ್ತು ದಿನ. ಊರಿಂದ ಊರಿಗೆ ಓಡುವುದರಲ್ಲಿ ಖರ್ಚಾಗುವ ಹಣ ತಟ್ಟೆಗೆ ಬರಲಿ. ಜುಲೈ, ಆಗಸ್ಟ್ ಅಲ್ಲಿ ಬಿಸಿಲೂ ಹೆಚ್ಚು, ಜನಸಂದಣಿಯೂ ಹೆಚ್ಚು, ಬಾಡಿಗೆಯೂ ಹೆಚ್ಚು. ಹೇಗೂ ಆಷಾಢದಲ್ಲಿ ಹೊಸ ಸೊಸೆ ತವರಿನಲ್ಲಿರುತ್ತಾಳೆ. ಅದೆಲ್ಲ ಕಳೆದು ಸೆಪ್ಟೆಂಬರ್ ಕೊನೆಗೆ ಹೊರಟರೆ ಹವೆಯೂ ಹಿತ, ದರವೂ ಇಳಿದಿರುತ್ತದೆ. ಉಳಿಯುವ ಕೋಣೆಯಲ್ಲಿ ಒಂದು ಒಲೆ ಇರಲಿ. ಬೆಳಗ್ಗೆ ಸಂತೆಗೆ ಹೋಗಿ ಬ್ರೆಡ್ಡು, ಹಣ್ಣು, ಟೊಮ್ಯಾಟೊ, ಗಿಣ್ಣಿನಂಥ ಅವರ ಚೀಸು ತಂದುಕೊಂಡರೆ ಒಂದು ಹೊತ್ತು ಕಳೆಯುತ್ತದೆ. ಸಂತೆಯನ್ನು ನೋಡದೆ ಊರನ್ನು ನೋಡಿದಂತಾಗುವುದಿಲ್ಲ ಎಂಬುದನ್ನು ಸಂತೆಯಿರುವ ಊರಿನವರಾದ ನಾವು ಬಲ್ಲೆವು.

ಕೆಲವು ಲೆಕ್ಕಗಳನ್ನೂ ಬರೆದುಕೊಟ್ಟೆ. ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ ವಯಸ್ಕರೊಬ್ಬರಿಗೆ 90 ಯೂರೋ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೂ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಸ್ಪೇನಿನಲ್ಲಿ ವಾರದ ದಿನಗಳ ಮಧ್ಯಾಹ್ನ ‘ಮೆನು ದೆಲ್ ದಿಯಾ’ ಎಂಬ ನಿಗದಿತ ಬೆಲೆಯ ಪೂರ್ತಿ ಊಟ ಸಿಗುತ್ತದೆ. 1960ರ ದಶಕದಲ್ಲಿ ಅಲ್ಲಿನ ಸರ್ಕಾರದ ನಿಯಮದಿಂದ ಬೆಳೆದುಬಂದ ಪದ್ಧತಿ ಅದು. ನಮ್ಮ ಹೋಟೆಲುಗಳ ‘ಊಟ’ದ ಹಲಗೆಯನ್ನು ನೆನಪಿಸುತ್ತದೆ. ಮಧ್ಯಾಹ್ನ ಹೊಟ್ಟೆ ತುಂಬ ಉಂಡು ರಾತ್ರಿ ಹಗುರವಾಗಿ ಮುಗಿಸಿದರೆ ಆರೋಗ್ಯಕ್ಕೂ ಜೇಬಿಗೂ ಕ್ಷೇಮ. ಇಟಲಿಯಲ್ಲಿ ಕಾಫಿಯನ್ನು ಕಟ್ಟೆಯ ಬಳಿ ನಿಂತು ಕುಡಿದರೆ ಒಂದು ದರ, ಕುಳಿತರೆ ಹೆಚ್ಚು ದರ ಇರುವುದು ಸಾಮಾನ್ಯ. ಪೋರ್ಚುಗಲ್ಲಿನಲ್ಲಿ ಕೇಳದೆಯೇ ಮೇಜಿನ ಮೇಲೆ ಇಡುವ ಬ್ರೆಡ್ಡು, ಆಲಿವ್ ಕಾಯಿಗಳು ಪುಕ್ಕಟೆಯಲ್ಲ. ಬೇಡವಾದರೆ ಮುಟ್ಟದೆ ಹಿಂದಕ್ಕೆ ಕೊಡಬೇಕು. ಅಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದು ನನ್ನ ಮಾತಿನಲ್ಲಿ ತಪ್ಪು ಕಂಡರೆ ದಯವಿಟ್ಟು ತಿದ್ದಿ. ಮೇಷ್ಟರನ್ನು ತಿದ್ದುವ ಅವಕಾಶ ಮತ್ತೆ ಮತ್ತೆ ಬರುವುದಿಲ್ಲ!

ಇಷ್ಟನ್ನು ಕೇಳಿಯೂ ನನ್ನ ತಂಗಿ ಸಮಾಧಾನಗೊಳ್ಳಲಿಲ್ಲ. ಆಗ ಬಾಗಿಲಿಗೆ ಒರಗಿ ನಿಂತಿದ್ದ ನನ್ನ ಮನೆಯವರು ಮೆಲ್ಲಗೆ, “ಹೋಗ್ಲಿ ಬುಡವ್ವ. ಇಬ್ಬರೂ ಎದುರುಬದುರು ಕೂತು ಉಂಡು ಬರ್ಲಿ. ನಮಗೆ ಅದಕ್ಕೆ ಮೇಲುಕೋಟೆಗೆ ಹೋಗ್ಬೇಕಾಯ್ತು” ಎಂದರು. ಜಗುಲಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗಲಾಗಲಿಲ್ಲ.

ನಮ್ಮ ಮದುವೆಯಾದದ್ದು 1986ರಲ್ಲಿ. ಊರಿಗೆಲ್ಲ ಊಟ ಹಾಕಿಸಬೇಕೆಂಬ ಹಟಕ್ಕೆ ನಾನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯ ಸಾಲ ಮಾಡಿದೆ. ಮೂರು ದಿನ ಎಲೆ ಬಿದ್ದವು, ಜನ ಹೊಗಳಿದರು. ಮದುವೆಯಾದ ಮೇಲೆ ಊಟಿಗೆ ಕರೆದೊಯ್ಯುವೆನೆಂದು ಆಕೆಗೆ ಮಾತು ಕೊಟ್ಟಿದ್ದೆ. ಸಂಬಳದ ದಿನ ಬಡ್ಡಿಯವರು ಬಾಗಿಲಲ್ಲಿ ಕುಳಿತಿರುವಾಗ ಊಟಿಯೆಲ್ಲಿ ಬಂತು? ಎರಡನೆಯ ವರ್ಷ ಆಕೆಯ ತವರಿನ ಓಲೆಗಳು ಅಡವಿಗೆ ಹೋದವು. ಬಿಡಿಸಿಕೊಂಡು ಬರಲು ಮತ್ತೆರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಆಕೆ ಕಿವಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡು ಓಡಾಡಿದರು. ಊಟಿಯನ್ನು ನಾನು ಕಂಡದ್ದು ಬಹಳ ವರ್ಷಗಳ ನಂತರ, ಶಾಲೆಯ ಪ್ರವಾಸದಲ್ಲಿ, ನಿಮ್ಮಲ್ಲಿ ಕೆಲವರ ತಲೆ ಎಣಿಸುತ್ತಾ.

ನಮ್ಮದು ಹನ್ನೊಂದು ಜನರ ಕೂಡುಕುಟುಂಬ. ಗಂಡಸರು ಮೊದಲು, ಮಕ್ಕಳು ಆಮೇಲೆ, ಹೆಂಗಸರು ಕೊನೆಗೆ. ಹೊಸ ಸೊಸೆಯದು ಎಲ್ಲರಿಗಿಂತ ಕೊನೆಯ ತಟ್ಟೆ. ಒಲೆಯ ಪಕ್ಕದಲ್ಲಿ ಆಕೆ ಏನು ಉಂಡರು, ಎಷ್ಟು ಉಂಡರು, ಉಳಿದಿತ್ತೋ ಇಲ್ಲವೋ ಎಂದು ವಿಚಾರಿಸುವ ಬುದ್ಧಿ ಬಿ.ಇಡಿ. ಓದಿದ ನನಗೆ ಇರಲಿಲ್ಲ. ಮದುವೆಯಾಗಿ ನಾಲ್ಕನೆಯ ತಿಂಗಳಲ್ಲಿ ಒಂದು ಭಾನುವಾರ, ದೇವರ ದರ್ಶನದ ನೆಪ ಹೇಳಿ ಇಬ್ಬರೂ ಬಸ್ಸು ಬದಲಿಸುತ್ತಾ ಮೇಲುಕೋಟೆಗೆ ಹೋದೆವು. ಚೆಲುವನಾರಾಯಣನ ದರ್ಶನ ಮುಗಿಸಿ, ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು, ಎಲೆಯಲ್ಲಿ ಕಟ್ಟಿಕೊಟ್ಟ ಪುಳಿಯೋಗರೆಯನ್ನೂ ಸಕ್ಕರೆ ಪೊಂಗಲನ್ನೂ ಬಿಚ್ಚಿದೆವು. ಆಕೆಗೆ ಕೈ ಓಡಲಿಲ್ಲ. ನಾನು ಉಂಡು ಏಳಲೆಂದು ಕಾಯುತ್ತಿದ್ದಾರೆಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. “ಜೊತೆಯಲ್ಲೇ ಉಣ್ಣು” ಎಂದೆ. ಖಾರ ಹೆಚ್ಚಾದರೆ ಆಕೆಗೆ ಬಿಕ್ಕಳಿಕೆ ಬರುತ್ತದೆ, ಹುಳಿ ಎಂದರೆ ಪ್ರಾಣ, ಕಡಲೆಬೀಜವನ್ನು ಆರಿಸಿಟ್ಟು ಕೊನೆಯಲ್ಲಿ ತಿನ್ನುತ್ತಾರೆ ಎಂಬುದೆಲ್ಲ ನನಗೆ ತಿಳಿದದ್ದು ಆ ಮೆಟ್ಟಿಲ ಮೇಲೆ, ಮದುವೆಯಾಗಿ ನಾಲ್ಕು ತಿಂಗಳ ನಂತರ. ಸಂಜೆ ಕೆ.ಆರ್.ಎಸ್. ಬೃಂದಾವನದ ದೀಪ ನೋಡಿ ಕೊನೆಯ ಬಸ್ಸಿಗೆ ಮರಳಿದೆವು. ನಮ್ಮ ಮಧುಚಂದ್ರ ಅಷ್ಟೇ. ಮರುದಿನದಿಂದ ಮತ್ತೆ ಆಕೆಯದು ಕೊನೆಯ ತಟ್ಟೆ. ಅದನ್ನು ಬದಲಿಸಲು ನಾನು ಬಾಯಿ ತೆರೆಯಲಿಲ್ಲ ಎಂಬುದೇ ಇಂದಿಗೂ ನನ್ನನ್ನು ಚುಚ್ಚುವ ಮಾತು.

ಮದುವೆಯ ಊಟ ಉಂಡವರಲ್ಲಿ ಈಗ ಅದನ್ನು ನೆನೆಯುವವರು ಯಾರೂ ಇಲ್ಲ. ಆ ಎಲೆಯ ಪುಳಿಯೋಗರೆಯನ್ನು ಮಾತ್ರ ನಾವಿಬ್ಬರೂ ಮರೆತಿಲ್ಲ. ಉಣ್ಣುವುದಕ್ಕೆ ಹೋಗುತ್ತೇವೆ ಎಂದು ಮಕ್ಕಳು ಹೇಳಿದಾಗ ನನಗೆ ನಗೆ ಬಾರದೆ ಇದ್ದದ್ದು ಅದಕ್ಕಾಗಿಯೇ. ಪರಸ್ಪರ ಅರಿಯಬೇಕಾದ ಇಬ್ಬರು ಎದುರೆದುರು ಕುಳಿತು, ಗೊತ್ತಿಲ್ಲದ ತಿಂಡಿಯೊಂದನ್ನು ಹಂಚಿಕೊಂಡು, ಇದು ನಿನಗೆ ಹಿಡಿಸಿತೇ ಎಂದು ಕೇಳುವುದಕ್ಕಿಂತ ಒಳ್ಳೆಯ ಆರಂಭ ಯಾವುದಿದೆ? ಅದು ವಲೆನ್ಸಿಯಾದಲ್ಲೇ ಆಗಬೇಕೆಂದಿಲ್ಲ, ಮೇಲುಕೋಟೆಯ ಮೆಟ್ಟಿಲೂ ಸಾಕು. ಆದರೆ ದುಡಿದು ಉಳಿಸಿದ ಹಣವಿದ್ದು, ಲೋಕ ನೋಡುವ ಆಸೆಯಿದ್ದರೆ ಹಿರಿಯರಾದ ನಾವು ಅಡ್ಡಬರಬಾರದು. ಸಾಲ ಮಾತ್ರ ಬೇಡ. ಸಾಲಕ್ಕೆ ಒತ್ತೆಯಾಗಿ ಹೋಗುವುದು ಸಾಮಾನ್ಯವಾಗಿ ಹೆಂಡತಿಯ ಓಲೆ.

ಮದುಮಕ್ಕಳು ಆ ಬಣ್ಣದ ಹಾಳೆಯನ್ನು ಅಲ್ಲಿಯೇ ಬಿಟ್ಟುಹೋದರು. ಒಂದು ವಾರದ ನಂತರ ಸೊಸೆಯಿಂದ ಫೋನು ಬಂತು. “ಸಾರ್, ವಲೆನ್ಸಿಯಾ ಮತ್ತು ಗ್ರನಾಡಾ, ಒಂಬತ್ತು ದಿನ. ಸಾಲ ಇಲ್ಲ, ಇಬ್ಬರ ಉಳಿತಾಯದಲ್ಲೇ ಆಗುತ್ತದೆ” ಎಂದಳು. ಸಂತೋಷವಾಯಿತು. ಹಿಂತಿರುಗಿದ ಮೇಲೆ ಒಂದು ಕೆಲಸ ಮಾಡಬೇಕೆಂದು ಕೇಳಿಕೊಂಡಿದ್ದೇನೆ. ನನ್ನ ತಂಗಿಯ ಮನೆಯಲ್ಲಿ ದೊಡ್ಡ ಬಾಣಲೆಯೊಂದರಲ್ಲಿ ಅಲ್ಲಿ ಕಲಿತ ಅನ್ನವನ್ನು ಮಾಡಿ ನಡುವೆ ಇಟ್ಟು, ಗಂಡಸರು ಹೆಂಗಸರು ಎನ್ನದೆ ಎಲ್ಲರನ್ನೂ ಒಟ್ಟಿಗೆ ಕೂರಿಸಬೇಕು. ತಂಗಿಗೆ ಮೊದಲ ತುತ್ತು. ಅಂದು ಬಡಿಸುವ ಕೆಲಸ ನನ್ನದು ಮತ್ತು ಅಳಿಯನದು.

ನಿಮ್ಮ ಮನೆಗಳಲ್ಲಿ ಕೊನೆಯ ತಟ್ಟೆ ಯಾರದು? ಬಿಡುವಾದಾಗ ಯೋಚಿಸಿ, ಬರೆಯಿರಿ.

ಎಲ್ಲರಿಗೂ ಶುಭವಾಗಲಿ.