ಕಾಡು ಬೆಳೆಯಲಿ, ಆದ್ರೆ ಜಮೀನು ಯಾರದ್ದು?

ಕಿಣತ್ತುಕಡವು: ಪೊಳ್ಳಾಚಿ ದಾಟಿ ಆಳಿಯಾರಿನಿಂದ 40 ತಿರುವು ಹತ್ತಿದರೆ ವಾಲ್ಪಾರೈ. ಸುತ್ತ 958 ಚದರ ಕಿ.ಮೀ. ಆನಮಲೈ ಹುಲಿ ಸಂರಕ್ಷಿತ ಪ್ರದೇಶ, ನಡುವೆ ಸುಮಾರು 220 ಚದರ ಕಿ.ಮೀ. ಎಸ್ಟೇಟು. ಬ್ರಿಟಿಷರ ಕಾಲದಲ್ಲಿ ಕಾಡು ಕಡಿದು ಮಾಡಿದ ಚಹಾ, ಕಾಫಿ ತೋಟಗಳಿವು. ಆನೆಗೆ ಗಡಿಕಲ್ಲು ತಿಳಿಯದು, ಹಳೆಯ ದಾರಿಯಲ್ಲೇ ಬರುತ್ತೆ.

ಹೋದ ಕಾಡನ್ನು ಮತ್ತೆ ಬೆಳೆಸಬೇಕು ಅನ್ನೋದಕ್ಕೆ ಯಾರದ್ದೂ ತಕರಾರಿಲ್ಲ. ಪರಂಬಿಕುಳಂ-ಆಳಿಯಾರ್ ನೀರು ನಂಬಿದ ಈ ಸೀಮೆಯ ತೆಂಗಿಗೂ ಅದು ಒಳ್ಳೆಯದೇ. ಕಷ್ಟ ಇರೋದು ಗಿಡ ನೆಡುವುದರಲ್ಲಲ್ಲ, ಪಟ್ಟಾದಲ್ಲಿ.

ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎರಡು ದಶಕಗಳಿಂದ ಇಲ್ಲಿ ಲಂಟಾನ ಕಿತ್ತು ಮಳೆಕಾಡಿನ ಸಸಿ ನೆಡುತ್ತಿದೆ. ಕೆಲಸ ಮೆಚ್ಚುವಂಥದ್ದು. ಆದರೆ ಬಹುಪಾಲು ಜಾಗ ಕಂಪನಿಗಳದ್ದು. ಇಂದಿನ ಮಾಲೀಕ ಒಪ್ಪಿದ, ಸರಿ. ನಾಳೆ ಕೊಂಡವನು ಒಪ್ಪದಿದ್ದರೆ? ಮರ ಬೆಳೆಯಲು ಐವತ್ತು ವರ್ಷ ಬೇಕು, ಕ್ರಯಪತ್ರಕ್ಕೆ ಒಂದು ದಿನ ಸಾಕು.

ಸರ್ಕಾರದ್ದೇ ಜಮೀನಾದರೆ ಸಲೀಸಾ? ಅದೂ ಅಲ್ಲ. ಶ್ರೀಲಂಕಾದಿಂದ ಮರಳಿದ ತಮಿಳರಿಗೆ ಕೆಲಸ ಕೊಡಲೆಂದು ಕಟ್ಟಿದ ಟ್ಯಾಂಟೀ ತೋಟಗಳಲ್ಲಿ 2,152 ಹೆಕ್ಟೇರನ್ನು ಅರಣ್ಯ ಇಲಾಖೆಗೆ ಮರಳಿಸಲು ತಮಿಳುನಾಡು ಸರ್ಕಾರ 2022ರಲ್ಲಿ ಆದೇಶಿಸಿತು. ಕಾಗದದಲ್ಲಿ ಅದು ಕಾಡು, ಲೈನ್ ಮನೆಯಲ್ಲಿರೋರಿಗೆ ಅದೇ ಊರು. ತಿರುನೆಲ್ವೇಲಿಯ ಮಾಂಜೋಲೈಯಲ್ಲೂ ಅದೇ ಕಥೆ. 99 ವರ್ಷದ ಗುತ್ತಿಗೆ 2028ಕ್ಕೆ ಮುಗಿಯಬೇಕು. ತಲೆಮಾರುಗಳಿಂದ ದುಡಿದವರ ಮುಂದೆ 2024ರಲ್ಲೇ ಸ್ವಯಂ ನಿವೃತ್ತಿ ಕಾಗದ ಬಂತು.

ಕೊಳ್ಳೇಗಾಲದ ಎಡೆಯಾರಹಳ್ಳಿ-ದೊಡ್ಡಸಂಪಿಗೆ ಆನೆದಾರಿಯಲ್ಲಿ ಬೇರೆ ರೀತಿ ಆಯ್ತು. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸುಮಾರು 25 ಎಕರೆಯನ್ನು ಹಣ ಕೊಟ್ಟು ಕೊಂಡು ಕರ್ನಾಟಕ ಅರಣ್ಯ ಇಲಾಖೆಗೆ ಒಪ್ಪಿಸಿತು. ಲೆಕ್ಕ ಚೊಕ್ಕ. ಆದರೆ 25 ಎಕರೆಗೆ ನಡೆದದ್ದು ಸಾವಿರಾರು ಎಕರೆಗೆ ನಡೆಯೋಲ್ಲ, ಅಷ್ಟು ದುಡ್ಡು ಯಾರ ಹತ್ತಿರವೂ ಇಲ್ಲ.

ಹಾಗಾದರೆ ದಾರಿ? ಕಾಡಿನ ತುಣುಕು ಉಳಿಸುವ ಕರಾರು ಮಾಲೀಕ ಬದಲಾದರೂ ಜಮೀನಿನ ಜೊತೆಗೇ ಹೋಗುವಂತೆ ನೋಂದಣಿಯಾಗಲಿ. ತೋಟ ಮರಳಿಸುವ ಮುಂಚೆ ಕಾರ್ಮಿಕನಿಗೆ ತನ್ನ ಹೆಸರಿನ ಮನೆ ಸಿಗಲಿ. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಕಾಡರ್, ಮಲಸರ್ ಜನರ ಹಕ್ಕು ಮೊದಲು ಇತ್ಯರ್ಥವಾಗಲಿ. ಅಧಿಕಾರಿಗಳು ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವ ಮುನ್ನ ಈ ಮೂರು ಕಡತ ಬಿಚ್ಚಲಿ.