ಮನೆಯ ಅಳತೆ ಮತ್ತು ಮನೆಮಂದಿಯ ಲೆಕ್ಕ

ನಮ್ಮ ಪಟ್ಟಣಗಳ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿದರೆ ಭವ್ಯವಾದ ಮನೆಗಳು ಕಣ್ಣಿಗೆ ಬೀಳುತ್ತವೆ. ಕಂಬಗಳ ಮುಖಮಂಟಪ, ಎರಡು ಮಹಡಿಯೆತ್ತರದ ಹಜಾರ, ಹೊಳೆಯುವ ನೆಲ, ವರ್ಷದಲ್ಲಿ ನಾಲ್ಕು ಬಾರಿ ಮಾತ್ರ ಬಾಗಿಲು ತೆರೆಯುವ ಅತಿಥಿ ಕೋಣೆ. ಆದರೆ ಅದೇ ಮನೆಯಲ್ಲಿ ವೃದ್ಧ ತಾಯಿಯ ಮಂಚ ಮೆಟ್ಟಿಲಿನ ಅಡಿಯಲ್ಲಿರುತ್ತದೆ. ಅಡುಗೆಮನೆಯಲ್ಲಿ ಅತ್ತೆ ಸೊಸೆಯರಿಬ್ಬರೂ ಒಟ್ಟಿಗೆ ನಿಂತರೆ ತಿರುಗಾಡಲು ಸ್ಥಳವಿರುವುದಿಲ್ಲ. ಪಿಯುಸಿ ಓದುವ ಮಗಳು ಎಲ್ಲರ ಊಟ ಮುಗಿದು ಮೇಜು ಒರೆಸಿದ ನಂತರವೇ ಪುಸ್ತಕ ತೆರೆಯಬೇಕಾಗುತ್ತದೆ. ಇಂತಹ ಮನೆಗೆ ಸ್ಥಳದ ಅಭಾವವಿಲ್ಲ. ಸ್ಥಳವನ್ನು ಯಾರಿಗಾಗಿ ಮೀಸಲಿಡಬೇಕೆಂಬ ಆಲೋಚನೆಯ ಅಭಾವವಿದೆ.

ಹಾಗಾದರೆ ವಿಶಾಲವಾದ ಮನೆಯನ್ನು ಬಯಸುವುದು ತಪ್ಪೇ? ಖಂಡಿತ ಅಲ್ಲ. ಪ್ರವಾದಿ ಮುಹಮ್ಮದ್(ಸ)ರು ಮನುಷ್ಯನ ಸೌಭಾಗ್ಯಗಳನ್ನು ಎಣಿಸುವಾಗ ಉತ್ತಮ ನೆರೆಯವರ ಜೊತೆಗೆ ವಿಶಾಲವಾದ ವಾಸಸ್ಥಳವನ್ನೂ ಹೆಸರಿಸಿದ್ದಾರೆ. ಆದರೆ ಒಂದು ಹಾಸಿಗೆ ಗಂಡಸಿಗೆ, ಇನ್ನೊಂದು ಆತನ ಪತ್ನಿಗೆ, ಮೂರನೆಯದು ಅತಿಥಿಗೆ, ನಾಲ್ಕನೆಯದು ಶೈತಾನನಿಗೆ ಎಂದು ಎಚ್ಚರಿಸಿದವರೂ ಅವರೇ. ಇವೆರಡರ ನಡುವೆ ವಿರೋಧವಿಲ್ಲ. ವಾಸಿಸುವವರ ನೆಮ್ಮದಿಗಾಗಿ ಇರುವ ವಿಶಾಲತೆ ಅನುಗ್ರಹ. ನೋಡುವವರ ಬೆರಗಿಗಾಗಿ ಇರುವ ವಿಶಾಲತೆ ದುಂದುವೆಚ್ಚ. ಪ್ರವಾದಿ(ಸ)ರ ಪತ್ನಿಯರ ಕೊಠಡಿಗಳು ಮಸೀದಿಗೆ ತಾಗಿದ ಸಣ್ಣ ಕೊಠಡಿಗಳಾಗಿದ್ದವು. ಬಾಲ್ಯದಲ್ಲಿ ತಾನು ಅವುಗಳ ಮಾಡನ್ನು ಕೈಯಿಂದ ಮುಟ್ಟುತ್ತಿದ್ದೆ ಎಂದು ಹಸನ್ ಬಸರಿಯವರು ನೆನಪಿಸಿಕೊಂಡ ವರದಿಯಿದೆ. ಅಷ್ಟು ಚಿಕ್ಕದಾಗಿದ್ದರೂ ಪ್ರತಿಯೊಬ್ಬ ಪತ್ನಿಗೂ ಪ್ರತ್ಯೇಕ ಕೊಠಡಿಯಿತ್ತು ಎಂಬುದನ್ನು ನಾವು ಗಮನಿಸಬೇಕು.

ನಿಜವಾಗಿ, ಮನೆಯ ನಕ್ಷೆ ಹೇಗಿರಬೇಕೆಂಬುದಕ್ಕೆ ಬೇಕಾದ ಮೂಲಸೂತ್ರಗಳು ನಮ್ಮ ಬಳಿಯಲ್ಲಿಯೇ ಇವೆ. ಮುಂಜಾನೆಯ ನಮಾಝ್‌ಗೆ ಮುನ್ನ, ಮಧ್ಯಾಹ್ನ ವಿಶ್ರಾಂತಿಯ ಹೊತ್ತಿನಲ್ಲಿ ಮತ್ತು ಇಶಾ ನಮಾಝ್‌ನ ನಂತರ, ಈ ಮೂರು ಸಮಯಗಳಲ್ಲಿ ಮನೆಯ ಮಕ್ಕಳು ಕೂಡ ಅನುಮತಿ ಕೇಳಿಯೇ ಹಿರಿಯರ ಕೋಣೆಗೆ ಪ್ರವೇಶಿಸಬೇಕೆಂದು ಪವಿತ್ರ ಕುರ್‌ಆನ್ (24:58) ಕಲಿಸುತ್ತದೆ. ಮಕ್ಕಳಿಗೆ ಹತ್ತು ವರ್ಷವಾದಾಗ ಅವರ ಹಾಸಿಗೆಗಳನ್ನು ಬೇರ್ಪಡಿಸಬೇಕೆಂಬುದು ಪ್ರವಾದಿ(ಸ)ರ ಆದೇಶ. ಪತ್ನಿಗೆ ವಾಸದ ಏರ್ಪಾಡು ಮಾಡುವುದು ಪತಿಯ ಹೊಣೆ ಎಂದು ಕರ್ಮಶಾಸ್ತ್ರ ಹೇಳುತ್ತದೆ. ಬಾಗಿಲೇ ಇಲ್ಲದ, ಪರದೆಯನ್ನಷ್ಟೇ ತೂಗುಹಾಕಿದ ಮನೆಯಲ್ಲಿ ಈ ಶಿಷ್ಟಾಚಾರಗಳನ್ನು ಪಾಲಿಸುವುದಾದರೂ ಹೇಗೆ? ಗಂಡು ಮತ್ತು ಹೆಣ್ಣು ಮಕ್ಕಳಿರುವ ಕುಟುಂಬಕ್ಕೆ ಕನಿಷ್ಠ ಮೂರು ಮಲಗುವ ಕೋಣೆಗಳು ಬೇಕು. ತಂದೆ ತಾಯಿ ಜೊತೆಗಿದ್ದರೆ ನಾಲ್ಕು. ಇದು ಐಷಾರಾಮವಲ್ಲ, ಅಗತ್ಯ.

ಈಗ ಒಂದು ಲೆಕ್ಕ ಹಾಕೋಣ. ಅಜ್ಜ, ಅಜ್ಜಿ, ದಂಪತಿ, ಇಬ್ಬರು ಗಂಡುಮಕ್ಕಳು ಮತ್ತು ಮೂವರು ಹೆಣ್ಣುಮಕ್ಕಳು, ಹೀಗೆ ಒಂಬತ್ತು ಮಂದಿಯ ಕುಟುಂಬವನ್ನು ಭಾವಿಸಿಕೊಳ್ಳಿ. ಸುಮಾರು 120 ಚದರಡಿಯ ನಾಲ್ಕು ಮಲಗುವ ಕೋಣೆಗಳಿಗೆ 480, ಹಜಾರಕ್ಕೆ 160, ಅಡುಗೆ ಮತ್ತು ಊಟಕ್ಕೆ 150, ಮೂರು ಬಚ್ಚಲು ಶೌಚಾಲಯಗಳಿಗೆ 120 ಚದರಡಿ. ಗೋಡೆ, ಮೆಟ್ಟಿಲು, ಓಡಾಟದ ದಾರಿಗೆ ಇನ್ನೊಂದು 270ರಷ್ಟು ಸೇರಿಸಿದರೆ ಒಟ್ಟು ಸುಮಾರು 1200 ಚದರಡಿಯಾಗುತ್ತದೆ. ಎರಡು ಅಂತಸ್ತುಗಳಲ್ಲಿ ಹಂಚಿದರೆ 30x40 ಅಡಿಯ ನಿವೇಶನದಲ್ಲಿ ಈ ಮನೆ ನಿಲ್ಲುತ್ತದೆ, ಸುತ್ತಲೂ ಗಾಳಿ ಬೆಳಕಿಗೆ ಜಾಗವೂ ಉಳಿಯುತ್ತದೆ. ಮೂರು ಸಾವಿರ ಚದರಡಿಯ ಮನೆಯಲ್ಲಿಯೂ ಇಕ್ಕಟ್ಟಿನಲ್ಲಿ ಬದುಕುವ ಕುಟುಂಬಗಳಿರುವಾಗ, ಸಮಸ್ಯೆ ಅಳತೆಯದ್ದಲ್ಲ, ಹಂಚಿಕೆಯದ್ದು ಎಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ.

ಹಂಚಿಕೆಯಲ್ಲಿ ಮೊದಲ ಹಕ್ಕು ಅಶಕ್ತರದ್ದು. ಹಿರಿಯರ ಕೋಣೆ ನೆಲ ಅಂತಸ್ತಿನಲ್ಲಿಯೇ ಇರಬೇಕು. ಅದಕ್ಕೆ ಹೊಂದಿಕೊಂಡು ಜಾರದ ನೆಲದ, ಗೋಡೆಗೆ ಹಿಡಿಕೆಯಿರುವ, ಹೊಸ್ತಿಲು ಎಡವದ ಶೌಚಾಲಯವಿರಬೇಕು. ರಾತ್ರಿ ಎದ್ದು ವುಝೂ ಮಾಡುವ ಅಜ್ಜ ಹತ್ತು ಮೆಟ್ಟಿಲು ಇಳಿಯಬೇಕಾದ ಮನೆಯ ನಕ್ಷೆ ತಪ್ಪು ನಕ್ಷೆ. ಅತಿಥಿಗಳು ಬಂದಾಗ ಮನೆಯ ಹೆಣ್ಣುಮಕ್ಕಳು ಅಡುಗೆಮನೆಯಲ್ಲಿ ಬಂಧಿಗಳಾಗದಂತೆ, ಹಜಾರವನ್ನು ಹಾದುಹೋಗದೆಯೇ ಕೋಣೆಗಳಿಗೆ ತಲುಪುವ ದಾರಿಯಿರಲಿ. ಒಂಬತ್ತು ಮಂದಿಗೆ ಒಂದೇ ಬಚ್ಚಲಿದ್ದರೆ ಬೆಳಗ್ಗೆ ಶಾಲೆಯ ಹೊತ್ತಿನಲ್ಲಿ ನಿತ್ಯವೂ ಜಗಳ. ಕೋಣೆಯ ಗಾತ್ರದಷ್ಟೇ ಕಿಟಕಿಯ ಗಾತ್ರವೂ ಮುಖ್ಯ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಯ ಒಂದು ವಾಸದ ಕೋಣೆಯಾದರೂ ಕನಿಷ್ಠ 9.5 ಚದರ ಮೀಟರ್, ಅಂದರೆ ಸುಮಾರು 102 ಚದರಡಿ ಇರಬೇಕು. ನಮ್ಮ ಕರಾವಳಿಯಂತಹ ತೇವದ ಸೆಖೆಯ ಪ್ರದೇಶಗಳಲ್ಲಿ ಗಾಳಿ ಬೆಳಕಿನ ಕಿಂಡಿಗಳು ನೆಲದ ವಿಸ್ತೀರ್ಣದ ಆರನೇ ಒಂದಂಶದಷ್ಟಿರಬೇಕು. ಗಾಳಿಯಾಡದ ಕೋಣೆಯಲ್ಲಿ ಹಲವರು ಒತ್ತಾಗಿ ಮಲಗಿದರೆ ಕ್ಷಯದಂತಹ ರೋಗಗಳು ಬೇಗ ಹರಡುತ್ತವೆ. ನಿವೇಶನದ ಅಂಚಿನವರೆಗೂ ಗೋಡೆ ಎಬ್ಬಿಸಿದರೆ ಕಿಟಕಿ ತೆರೆಯುವುದು ನೆರೆಮನೆಯ ಗೋಡೆಗೇ. ಅಲ್ಲಿ ನಮ್ಮ ಮಕ್ಕಳ ಉಸಿರಿಗೂ ನೆರೆಯವರ ಹಕ್ಕಿಗೂ ಒಟ್ಟಿಗೆ ಧಕ್ಕೆಯಾಗುತ್ತದೆ.

ದುರಂತವೇನೆಂದರೆ, ಮನೆಯ ನಕ್ಷೆ ಗಂಡಸರು ಮತ್ತು ಮೇಸ್ತ್ರಿಯ ನಡುವೆ ತೀರ್ಮಾನವಾಗುತ್ತದೆ. ಯಜಮಾನ ಕೊಲ್ಲಿ ರಾಷ್ಟ್ರದಲ್ಲಿದ್ದರೆ ಆ ತೀರ್ಮಾನ ದೂರವಾಣಿಯಲ್ಲಿಯೇ ಮುಗಿಯುತ್ತದೆ. ದಿನದ ಹೆಚ್ಚಿನ ಹೊತ್ತು ಆ ಮನೆಯಲ್ಲಿ ಕಳೆಯುವವರು, ಒಲೆಯ ಎತ್ತರ, ನೀರಿನ ನಲ್ಲಿ, ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಜಾಗ ಇವೆಲ್ಲದರ ಕಷ್ಟ ಬಲ್ಲವರು ಮಹಿಳೆಯರು. ಅವರನ್ನು ಒಂದು ಮಾತೂ ಕೇಳದೆ ಕಟ್ಟಿದ ಮನೆಯಲ್ಲಿ ಸಮಾಲೋಚನೆಯ ಗುಣ ಎಲ್ಲಿದೆ? ತಳಪಾಯ ಹಾಕುವ ಮುನ್ನ ಖಾಲಿ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು, ತಾಯಿ, ಪತ್ನಿ ಮತ್ತು ಹೆಣ್ಣುಮಕ್ಕಳು ಅದರೊಳಗೆ ಒಮ್ಮೆ ನಡೆದು ನೋಡಲಿ. ಅದಕ್ಕೆ ಖರ್ಚೇನೂ ಇಲ್ಲ.

ಈ ಮಾತುಗಳೆಲ್ಲ ನಿವೇಶನವುಳ್ಳವರಿಗಾಯಿತು. ಇರುವವರಿಗಿಂತ ಇಲ್ಲದವರ ಸಂಖ್ಯೆ ದೊಡ್ಡದು. ಇತರ ಬಡಾವಣೆಗಳಲ್ಲಿ ಬಾಡಿಗೆಗೂ ಮನೆ ಸಿಗದೆ, ಭದ್ರತೆಯ ಭಯದಿಂದಲೂ ಮುಸ್ಲಿಮರು ತಮ್ಮದೇ ಮೊಹಲ್ಲಾಗಳಲ್ಲಿ ಒತ್ತೊತ್ತಾಗಿ ನೆಲೆಸುತ್ತಿರುವುದನ್ನೂ, ಅಲ್ಲಿ ನಾಗರಿಕ ಸೌಲಭ್ಯಗಳು ಕೊರತೆಯಾಗಿರುವುದನ್ನೂ 2006ರಲ್ಲಿ ಸಾಚಾರ್ ಸಮಿತಿ ದಾಖಲಿಸಿತು. ಒಳಚರಂಡಿಯಿಲ್ಲದ ಗಲ್ಲಿಯಲ್ಲಿ ಎಷ್ಟೇ ಒಳ್ಳೆಯ ನಕ್ಷೆ ತಯಾರಿಸಿದರೂ ಮನೆ ಆರೋಗ್ಯಕರವಾಗದು. ಇದು ಸರಕಾರ ಮತ್ತು ನಗರಾಡಳಿತಗಳು ಉತ್ತರಿಸಬೇಕಾದ ಪ್ರಶ್ನೆ. ಆದರೆ ಸಮುದಾಯ ಕೈಕಟ್ಟಿ ಕೂರಬೇಕಿಲ್ಲ. ಎರಡೇ ಕೋಣೆಗಳ ಮನೆಯ ಮಕ್ಕಳಿಗೆ ಓದಲು ಸಂಜೆ ಮದ್ರಸದ ಕೊಠಡಿಗಳನ್ನು ತೆರೆಯಲು ಜಮಾಅತ್‌ಗಳಿಗೆ ಏನು ಅಡ್ಡಿ? ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸಮಯ ನಿಗದಿಪಡಿಸಿದರೆ ಅವರ ಪರೀಕ್ಷೆಯ ದಿನಗಳು ಅಷ್ಟರಮಟ್ಟಿಗೆ ಹಗುರವಾಗುತ್ತವೆ.

ಇನ್ನು ಖರ್ಚಿನ ವಿಷಯ. ಮುಖಮಂಟಪದ ಅಲಂಕಾರಕ್ಕಾಗಿ ಬಡ್ಡಿಯ ಸಾಲ, ಮನೆಯೊಕ್ಕಲಿನ ಔತಣಕ್ಕಾಗಿ ಪತ್ನಿಯ ಚಿನ್ನದ ಅಡವು. ಬಳಿಕ ಅದನ್ನು ತೀರಿಸಲು ಗಂಡ ಇನ್ನೂ ಹತ್ತು ವರ್ಷ ಮರುಭೂಮಿಯಲ್ಲಿ, ಮಕ್ಕಳು ತಂದೆಯಿಲ್ಲದ ದೊಡ್ಡ ಮನೆಯಲ್ಲಿ! ಇದಕ್ಕಿಂತ, ಮೇಲಂತಸ್ತನ್ನು ಹೊರಬಲ್ಲ ತಳಪಾಯ ಹಾಕಿ ಈಗ ಅಗತ್ಯವಿರುವಷ್ಟನ್ನು ಮಾತ್ರ ಕಟ್ಟುವುದು ಜಾಣತನ. ಮೆಟ್ಟಿಲನ್ನು ಹೊರಗಿನಿಂದ ಇಟ್ಟರೆ ನಾಳೆ ಮಗನ ಸಂಸಾರಕ್ಕೆ ಮೇಲಂತಸ್ತು ಪ್ರತ್ಯೇಕ ಮನೆಯಾದೀತು. ಹಾಗೆಯೇ ಜಾಗ ಯಾರದ್ದು, ಹಣ ಯಾರದ್ದು, ಚಿನ್ನ ಯಾರದ್ದು ಎಂಬುದನ್ನು ಮೊದಲೇ ಬರೆದಿಡಬೇಕು. ಸಾಲದ ವ್ಯವಹಾರವನ್ನು ಬರೆದಿಡುವಂತೆ ಕುರ್‌ಆನ್ (2:282) ಕಲಿಸಿದ್ದು ಅಪನಂಬಿಕೆಯಿಂದಲ್ಲ, ಸಂಬಂಧಗಳು ಉಳಿಯಲೆಂದು. ತಂದೆಯ ಜಾಗದಲ್ಲಿ ಅಣ್ಣ ಕಟ್ಟಿದ ಮನೆಗಾಗಿ ತಂದೆಯ ಮರಣಾನಂತರ ತಮ್ಮಂದಿರು ನ್ಯಾಯಾಲಯದ ಮೆಟ್ಟಿಲೇರುವುದನ್ನೂ, ಸಹೋದರಿಯರ ಪಾಲು ಮೌನವಾಗಿ ಮರೆಯಾಗುವುದನ್ನೂ ನಾವು ಕಾಣುತ್ತಲೇ ಇದ್ದೇವೆ.

ಆದ್ದರಿಂದ ಮನೆ ಕಟ್ಟಹೊರಟವರು ಗುತ್ತಿಗೆದಾರನಿಗೆ ಮುಂಗಡ ಕೊಡುವ ಮುನ್ನ ಒಂದು ಕಾಗದ ತೆಗೆದು ಮನೆಮಂದಿಯ ಹೆಸರು ಬರೆಯಲಿ. ಪ್ರತಿಯೊಂದು ಹೆಸರಿನ ಮುಂದೆ, ಅವರು ಎಲ್ಲಿ ಮಲಗುತ್ತಾರೆ, ಎಲ್ಲಿ ಓದುತ್ತಾರೆ, ಅಸ್ವಸ್ಥರಾದರೆ ಎಲ್ಲಿರುತ್ತಾರೆ ಎಂದು ದಾಖಲಿಸಲಿ. ಯಾರದಾದರೂ ಹೆಸರಿನ ಮುಂದೆ ಜಾಗ ಖಾಲಿ ಉಳಿದರೆ ಆ ನಕ್ಷೆಯನ್ನು ಬದಲಿಸಲಿ. ಆ ಹೆಸರು ಹೆಚ್ಚಾಗಿ ತಾಯಿಯದ್ದು ಅಥವಾ ಮಗಳದ್ದೇ ಆಗಿರುತ್ತದೆ ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.